ಒಂದು ಗೆರೆಯ ಕಡ್ಡಿ

ಕಿತ್ತೆಂಗ, ಲುಕಾಯಾ ರಸ್ತೆ
೩ ಫೆಬ್ರವರಿ ೨೦೧೪

ಈ ಕಾಗದ ಬಿಚ್ಚಿದವರು ಯಾರೇ ಆಗಿರಲಿ, ಮೊದಲು ಇಷ್ಟು ಕೇಳಿಸಿಕೊಳ್ಳಿ. ನೀವು ನಸ್ಸೂನ ಅಲ್ಲದಿದ್ದರೆ ನಾಚಿಕೆಯಾಗಬೇಕು. ಕಾಗದ ಮುಟ್ಟಿಸುವ ಟ್ಯಾಕ್ಸಿಯವನೇ, ನೀನಾಗಿದ್ದರೆ ಈಗಲೇ ಮಡಚಿಡು. ನಿನ್ನ ಅಮ್ಮನ ಹೆರಿಗೆಗೆ ನೀರು ಕಾಯಿಸಿದವಳು ನಾನು. ಹುಟ್ಟಿದಾಗ ನಿನ್ನ ಮೂತಿ ಹೇಗಿತ್ತೆಂದು ಇಡೀ ಸ್ಟ್ಯಾಂಡಿಗೆ ಕೂಗಿ ಹೇಳಬಲ್ಲೆ. ಮುಕೀಬಿ, ನೀನಾಗಿದ್ದರೆ, ಹೆಂಗಸರ ಕಾಗದಕ್ಕೆ ಮೂಗು ತೂರಿಸುವ ಗಂಡಸಿಗೆ ಮೊಮ್ಮಗಳನ್ನು ಕೊಟ್ಟೆವೇ ಎಂದು ನಾನು ಯೋಚಿಸಬೇಕಾಗುತ್ತದೆ. ನಸ್ಸೂನಳೇ ಆಗಿದ್ದರೆ ನಿನಗೂ ಬೈಗುಳ ಉಂಟು, ಕೂತುಕೋ.

ನನ್ನ ಸವತಿಯೇ, ಕ್ರಿಸ್ಮಸ್ಸಿಗೆ ಬಂದವಳು ಮೂರು ದಿನ ಇದ್ದೆ. ಬಾಳೆಕಾಯಿ ಹೆರೆದೆ, ಅಂಗಳ ಗುಡಿಸಿದೆ. ನಿನ್ನನ್ನು ಸಾಯುವವರೆಗೂ 'ನನ್ನ ಚಿಕ್ಕ ಹೆಂಡ್ತಿ' ಎಂದು ಕರೆದು ನನ್ನ ಹೊಟ್ಟೆ ಉರಿಸಿದ ನಿನ್ನ ತಾತನ ಗೋರಿಯ ಮೇಲಿನ ಹುಲ್ಲು ಕಿತ್ತೆ. ಬಾಯಿ ಮಾತ್ರ ಬಿಡಲಿಲ್ಲ. ಟ್ಯಾಕ್ಸಿಯವನು ಹಾರನ್ ಹೊಡೆಯುತ್ತಿರುವಾಗ ನನ್ನ ಹೆಗಲಿಗೆ ಮುಖ ಒತ್ತಿ ಹೇಳಿದೆ: "ನಲ್ವತ್ಮೂರಾಯ್ತು ಜಜ್ಜಾ. ಎರಡು ಇಳಿದುಹೋದ್ವು. ಮೂರನೇದು ಬರೋ ಹಾಗೇ ಕಾಣ್ಸಲ್ಲ." ಇಷ್ಟು ಹೇಳಿ ಹತ್ತಿಬಿಟ್ಟೆ. ಮೂರು ದಿನ ನನ್ನ ಒಲೆಯ ಮುಂದೆ ಕೂತಿದ್ದವಳಿಗೆ ಹೇಳಲು ಹಾರನ್ನೇ ಬೇಕಿತ್ತೇ?

ಹದಿನೈದು ಮುಂಬ್ವ ಕಡ್ಡಿ ಕಳಿಸಿದ್ದೇನೆ. ಏಳು ಗಿಡ ಕುಟ್ಟಿ ಜೌಗಿನ ಮಣ್ಣಿಗೆ ಕಲಸಿ, ಬೆರಳುದ್ದ ಉರುಟಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ್ದು. ಒಂದೊಂದರ ಮೇಲೂ ನನ್ನ ಹೆಬ್ಬೆರಳ ಉಗುರಿನಿಂದ ಎಳೆದ ಒಂದು ಗೆರೆಯಿದೆ. ಅದು ನನ್ನ ಗುರುತು, ಅದರ ಬಗ್ಗೆ ನಿನಗೆ ವಿಚಾರಣೆ ಬೇಡ. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಸ್ವಲ್ಪ ನೀರಿಟ್ಟು ತೇಯ್ದು, ನೀರು ಕೆಂಪಗಾದ ಮೇಲೆ ಕುಡಿ. ನಿನ್ನ ಸ್ಟೀಲ್ ತಟ್ಟೆಯ ಮೇಲೆ ತೇಯಬೇಡ. ನನ್ನ ಹಳೆಯ ಮಡಕೆಯ ಒಂದು ಓಡು ಇಟ್ಟಿದ್ದೇನೆ, ಅದರ ಮೇಲೆ.

ಇನ್ನೊಂದು ಮಾತು, ಇದನ್ನು ಮರೆತೆಯೋ ನನ್ನ ಮೊಮ್ಮಗಳೇ ಅಲ್ಲ. ಹೊಟ್ಟೆಯಲ್ಲಿ ನಿಂತರೆ ಯಾರಿಗೂ ಹೇಳಬೇಡ. ಬಾಯಲ್ಲೂ ಬೇಡ, ಕಾಗದದಲ್ಲೂ ಬೇಡ, ನನಗೂ ಬೇಡ. ಹೊಟ್ಟೆ ತಾನಾಗಿ ಊರಿಗೆ ಹೇಳುವವರೆಗೆ ಹೆಂಗಸು ಹೇಳುವುದಿಲ್ಲ. ಫೋನಿನಲ್ಲಂತೂ ಬೇಡವೇ ಬೇಡ. ನನ್ನ ಕಿವಿಗೆ ಅದು ದುಂಬಿಯ ಹಾಗೆ ಗುಂಯ್ ಎನ್ನುತ್ತದೆ, ಫೋನು ಇಟ್ಟಿರುವ ಅಂಗಡಿಯವಳ ಕಿವಿಗೆ ಮಾತ್ರ ಎಲ್ಲ ಕೇಳುತ್ತದೆ.

ನೀನು ಚೀಲದಲ್ಲಿ ಬಚ್ಚಿಟ್ಟುಕೊಂಡಿದ್ದ ಆ ಬಾಟಲಿ, ದಪ್ಪ ಕೆನ್ನೆಯ ಬಿಳಿ ಮಗುವಿನ ಚಿತ್ರವಿರುವುದು, ನಾನು ನೋಡಲಿಲ್ಲ ಎಂದುಕೊಂಡೆಯಾ? ಅದರಿಂದ ನಾಲ್ಕು ಕ್ಯಾಪ್ಸೂಲ್ ಕಳಿಸು. ಒಳಗೇನಿದೆ ಎಂದು ಮೇಲೆ ಬರೆದಿದೆಯಂತೆ. ಸೊಪ್ಪನ್ನು ಓದಿ ತಿಳಿಯುವುದನ್ನು ಈ ವಯಸ್ಸಿನಲ್ಲಿ ಹೊಸದಾಗಿ ಕೇಳಿದೆ.

ನಿನ್ನ ಅಜ್ಜಿ, ನಿನ್ನ ಜಜ್ಜಾ,
ತೆಜಿರಾ


ನತೇತೆ, ಕಂಪಾಲ
೧೦ ಮಾರ್ಚ್ ೨೦೧೪

ಪ್ರೀತಿಯ ಜಜ್ಜಾ,

ಮಂಡಿಯೂರಿ ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ. ಶಾಲೆಗಳು ಶುರುವಾದ್ದರಿಂದ ಯೂನಿಫಾರ್ಮ್ ಹೊಲಿಗೆ ಮುಗಿದು ಈಗ ಸ್ವಲ್ಪ ಬಿಡುವು. ಮುಕೀಬಿಯ ಕೆಮ್ಮು ಕಡಿಮೆಯಾಗಿದೆ.

ದಿನವೂ ತೇಯುತ್ತಿದ್ದೇನೆ. ಬೆನ್ನು ನೋವಿಗೆ ಎಂದು ಮುಕೀಬಿಗೆ ಹೇಳಿದ್ದೇನೆ. ನಂಬಿದರೋ ಇಲ್ಲವೋ ಗೊತ್ತಿಲ್ಲ, ಓಡನ್ನು ಮಾತ್ರ ತಾವೇ ತೊಳೆದಿಡುತ್ತಾರೆ.

ಕ್ಯಾಪ್ಸೂಲ್ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಮಾರುವ ಮೇಡಂ ಕೂದಲು ಹೆಣೆಯುವ ಅಂಗಡಿಗೆ ಬರುತ್ತಾರೆ. "ಇದೂ ಗಿಡಮೂಲಿಕೇನೇ ಅಲ್ವಾ, ಅಜ್ಜೀದೂ ಗಿಡಮೂಲಿಕೇನೇ. ಎರಡೂ ಸೇರಿದ್ರೆ ಬೇಗ ಆಗುತ್ತೆ" ಎನ್ನುತ್ತಾರೆ. ನೀವೇನು ಹೇಳುತ್ತೀರಿ?

ಆಸ್ಪತ್ರೆಗೆ ಹೋದೆಯಾ ಎಂದು ನೀವು ಕೇಳಲಿಲ್ಲ. ಹೋಗಿಲ್ಲ. ಹೋಗುವ ಅಗತ್ಯ ಕಾಣಲಿಲ್ಲ.

ಜಜ್ಜಾ, ಕೆಜಿಯಾ ಅತ್ತೆ ಹುಟ್ಟಿದಾಗ ನನಗೆ ಐದು ವರ್ಷ. ನನ್ನನ್ನು ಹೊರಗೆ ಚಾಪೆಯ ಮೇಲೆ ಕೂರಿಸಿದ್ದು ನೆನಪಿದೆ. ನಿಮಗಾಗ ನಲವತ್ತೈದು. ಆಗ ನೀವು ಕುಡಿದದ್ದೂ ಇದೇ ಕಡ್ಡಿಯೇ?

ನಿಮ್ಮ ನಸ್ಸೂನ


ಕಿತ್ತೆಂಗ
೨೨ ಮಾರ್ಚ್ ೨೦೧೪

ಸವತಿಯೇ,

ಮತ್ತಿನ್ನೇನು? ಇದೇ ಕಡ್ಡಿ. ಕೇಳಬೇಕೇ ಅದನ್ನು? ಇಡೀ ಕಿತ್ತೆಂಗಕ್ಕೆ ಗೊತ್ತಿರುವ ವಿಷಯ. ಕೆಜಿಯಾ ಇದ್ದಿದ್ದರೆ ಈ ಮಾತೆಲ್ಲ ಅವಳೇ ನಿನಗೆ ಹೇಳುತ್ತಿದ್ದಳು. ಇದು ಅಪ್ಪನ ತಂಗಿಯ ಕೆಲಸ, ಅಜ್ಜಿಯದಲ್ಲ. ನಿನಗಿಂತ ಐದು ವರ್ಷ ಚಿಕ್ಕವಳು ಮುಂಚೆಯೇ ಹೊರಟುಹೋದಳು, ಅವಳ ಕೆಲಸ ನನ್ನ ತಲೆಗೆ ಬಂತು.

ನಿನ್ನ ಕ್ಯಾಪ್ಸೂಲ್ ಒಡೆದು ನಾಲಿಗೆಗೆ ಇಟ್ಟೆ. ಅರ್ಧ, ನನ್ನ ಕಕ್ಕಸಿನ ಹಿಂದೆ ತಾನಾಗಿ ಬೆಳೆಯುವ ಗಿಡ. ನಿನ್ನ ಮೇಡಮ್ಮಿಗೆ ಹೇಳು, ಬಂದು ಬೇಕಾದಷ್ಟು ಕಿತ್ತುಕೊಂಡು ಹೋಗಲಿ, ಜಾಗವೂ ಚೊಕ್ಕಟವಾಗುತ್ತದೆ. ಇನ್ನರ್ಧ ಏನೆಂದು ನನ್ನ ನಾಲಿಗೆಗೆ ಸಿಗಲಿಲ್ಲ. ಅರುವತ್ತು ವರ್ಷದಿಂದ ಸೊಪ್ಪು ಜಗಿದ ನಾಲಿಗೆ ಇದು. ಅದಕ್ಕೆ ಸಿಗದ್ದು ನಿನ್ನ ಹೊಟ್ಟೆಗೆ ಬೇಡ. ಒಂದೋ ಅದು, ಇಲ್ಲವೋ ನನ್ನದು. ಎರಡನ್ನೂ ಸೇರಿಸಬೇಡ.

ಈ ಸಲ ಗಿಡ ಕೀಳಲು ಹೋದಾಗ ಆದದ್ದನ್ನು ಯಾರಿಗೂ ಹೇಳಿಲ್ಲ. ಬೆಳಕು ಹರಿಯುವ ಹೊತ್ತಿಗೆ ಕಾಡಿನ ಅಂಚಿಗೆ ಹೋಗಿ, ಬುಡಕ್ಕೆ ಎರಡು ಕಾಫಿ ಬೀಜ ಇಟ್ಟು, ಯಾರಿಗಾಗಿ ಕೀಳುತ್ತಿದ್ದೇನೆಂದು ಹೆಸರು ಹೇಳಬೇಕು. ಬೇರೆ ಹೆಂಗಸರ ಹೆಸರನ್ನು ನೂರಾರು ಸಲ ಹೇಳಿದ್ದೇನೆ, ಸಂತೆಯಲ್ಲಿ ಕೂಗಿದ ಹಾಗೆ. ಅವತ್ತು "ನಸ್ಸೂನ" ಎನ್ನಲು ಹೋಗಿ ಅರ್ಧಕ್ಕೇ ನಿಲ್ಲಿಸಿ, ಬೀಜಗಳನ್ನು ಮತ್ತೆ ಸರಿಯಾಗಿ ಇಟ್ಟೆ. ಎರಡನೇ ಸಲ ಹೇಳಿದೆ. ಗಾಳಿಯಿರಲಿಲ್ಲ. ಮಳೆಹನಿಯೂ ಇರಲಿಲ್ಲ. ಒಂದೇ ಒಂದು ಎಲೆ, ನಾನು ಕೈಯಿಟ್ಟಿದ್ದ ಕೊಂಬೆಯ ಪಕ್ಕದ್ದು, ಅಲುಗಿತು. ಎಂಬತ್ತಮೂರರ ಮುದುಕಿಯ ಮೈಯಲ್ಲಿ ಮುಳ್ಳೆದ್ದಿತು. ಹುಳ ಇದ್ದಿರಬಹುದು. ಬಗ್ಗಿ ನೋಡಲಿಲ್ಲ. ನೋಡುವುದು ಮರ್ಯಾದೆ ಅಲ್ಲ ಅನ್ನಿಸಿತು.

ತೆಜಿರಾ


ನತೇತೆ
೨ ಮೇ ೨೦೧೪

ಪ್ರೀತಿಯ ಜಜ್ಜಾ,

ಮಂಡಿಯೂರಿ ನಮಸ್ಕಾರ. ಇಲ್ಲಿ ದಿನವೂ ಮಳೆ. ಮಳೆ ಬಿದ್ದ ಕೂಡಲೇ ಅಂಗಳದ ಮಣ್ಣಿನ ವಾಸನೆಗೆ ಹೊಲಿಯುವುದನ್ನು ಬಿಟ್ಟು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಪಕ್ಕದ ಮನೆಯವರು ಮೀನು ಕರಿಯುತ್ತಾರೆ, ಅದಕ್ಕೆ ಮಿಷನ್ನು ಹಿಂದಿನ ಕೋಣೆಗೆ ಎಳೆದುಕೊಂಡೆ.

ಕಡ್ಡಿ ಮುಗಿದಿದೆ. ಕೊನೆಯದನ್ನು ತೇಯಲಿಲ್ಲ, ತುದಿ ಕಚ್ಚಿ ಹಾಗೇ ತಿಂದುಬಿಟ್ಟೆ. ಮುಕೀಬಿ ನಕ್ಕರು. ಇನ್ನಷ್ಟು ಕಳಿಸಿ ಜಜ್ಜಾ. ಬೇಗ ಕಳಿಸಿ. ಕಡ್ಡಿ ಇಲ್ಲದ ದಿನ ಭಯವಾಗುತ್ತದೆ.

ಬೇರೇನೂ ವಿಶೇಷವಿಲ್ಲ.

ನಸ್ಸೂನ


ಕಿತ್ತೆಂಗ
೯ ಮೇ ೨೦೧೪

ಹೊಟ್ಟೆಬಾಕಿ ಸವತಿಯೇ,

ಔಷಧವನ್ನು ಹುರಿದ ಜೋಳದ ಹಾಗೆ ಕಚ್ಚಿ ತಿನ್ನುವವಳನ್ನು ಇದೇ ಮೊದಲು ಕಂಡೆ. ಅವಸರ ನಿನಗೆ. ಹುಟ್ಟಿದಾಗಲೂ ಅವಸರವೇ, ನಿನ್ನ ಅಮ್ಮನನ್ನು ಚಾಪೆಯವರೆಗೂ ಹೋಗಲು ಬಿಡಲಿಲ್ಲ.

ಇಪ್ಪತ್ತು ಕಡ್ಡಿ ಕಳಿಸಿದ್ದೇನೆ, ಬಾಳೆಗೊನೆಯ ನಡುವೆ ಇದೆ. ಅಷ್ಟೊಂದು ಅವಸರವಿದ್ದರೆ ದಿನಕ್ಕೆ ಎರಡು ಸಲ ತೇಯು, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೀನಿನ ವಾಸನೆಗೆ ಯಾಕೆ ಓಡುತ್ತೀ? ಕಂಪಾಲದ ಮೀನು ಹಳಸಿರುತ್ತದೆ, ಅಷ್ಟೇ.

ತೆಜಿರಾ


ಕಿತ್ತೆಂಗ
೧೨ ಮೇ ೨೦೧೪

ನಸ್ಸೂನ,

ಕಡ್ಡಿ ಬಿಡು. ಓದುವುದನ್ನು ಇಲ್ಲೇ ನಿಲ್ಲಿಸಿ ಮೊದಲು ಆ ಓಡನ್ನು ತೊಳೆದು ಇಡು. ಆಮೇಲೆ ಮುಂದಕ್ಕೆ ಓದು.

ಇವತ್ತು ಬೆಳಗ್ಗೆ ಮಣ್ಣು ಕಲಸುತ್ತಿದ್ದೆ. ಕೆಳಗಿನ ಮನೆಯ ಸೊಸೆ ಬಂದು ಮಂಡಿಯೂರಿದಳು. ಊರುವಾಗ ಮಂಡಿಗಿಂತ ಮೊದಲು ಕೈ ನೆಲಕ್ಕೆ ತಾಗಿಸಿದಳು. ಹೊಟ್ಟೆಯಲ್ಲಿ ನಿಂತಿದೆ ಎಂದು ತಿಳಿಯಲು ನನಗೆ ಅಷ್ಟೇ ಸಾಕು. ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳ ಹತ್ತಿರ ಉಳಿದಿದ್ದ ಒಂದು ಗೆರೆಯ ಕಡ್ಡಿ ವಾಪಸು ಇಸಿದುಕೊಂಡು ಎರಡು ಗೆರೆಯದನ್ನು ಕೈಗಿಟ್ಟೆ. ನಲವತ್ತು ವರ್ಷದಿಂದ ಹೀಗೇ ನಡೆದಿದೆ. ಒಂದು ಗೆರೆ ತೆರೆಯುವುದಕ್ಕೆ, ಎರಡು ಗೆರೆ ಹಿಡಿದಿಡುವುದಕ್ಕೆ. ನಿಂತ ಮೇಲೆ ಒಂದು ಗೆರೆಯದನ್ನು ಕುಡಿದರೆ ಅದು ತೆರೆದದ್ದನ್ನು ಇನ್ನೂ ತೆರೆಯುತ್ತದೆ. ಇದನ್ನು ಯಾವ ಹೆಂಗಸಿಗೂ ನಾನು ಬಾಯಿಬಿಟ್ಟು ಹೇಳಿದವಳಲ್ಲ. ಹೇಳುವ ಕೆಲಸವೇ ಬಿದ್ದಿಲ್ಲ. ತಿಂಗಳಿಗೊಮ್ಮೆ ಎದುರಿಗೆ ಬಂದು ಮಂಡಿಯೂರುತ್ತಾರೆ, ನಾನು ನೋಡುತ್ತೇನೆ, ಕಡ್ಡಿ ಬದಲಿಸುತ್ತೇನೆ.

ನಿನ್ನನ್ನು ನಾನು ನೋಡಲಿಲ್ಲ. ಕಾಗದ ಮಂಡಿಯೂರುವುದಿಲ್ಲ.

ಆ ಹುಡುಗಿ ಏಳುವಾಗ ನನ್ನ ಬೋಗುಣಿಯ ಅಂಚಿಗೆ ಅಂಟಿದ್ದ ಹಸಿ ಮಣ್ಣನ್ನು ಬೆರಳಿನಲ್ಲಿ ತೆಗೆದು ನೆಕ್ಕಿದಳು. ಕದ್ದು ತಿನ್ನುವ ಮಗುವಿನ ಹಾಗೆ ನನ್ನ ಕಡೆ ನೋಡಿದಳು. ನನ್ನ ಕೈ ಮಣ್ಣಿನಲ್ಲೇ ನಿಂತುಬಿಟ್ಟಿತು. ಮಳೆಯ ವಾಸನೆ. ಮೀನು. ಕಚ್ಚಿ ತಿಂದ ಕಡ್ಡಿ. ನೀನು ಎಲ್ಲವನ್ನೂ ಬರೆದಿದ್ದೆ. ನನಗೂ ಹೇಳಬೇಡ ಎಂದು ನಿನ್ನ ಬಾಯಿ ಹೊಲಿದವಳು ನಾನು, ಹೊಲಿದ ಬಾಯಿಯಿಂದಲೇ ನೀನು ಕೂಗಿದ್ದೆ. ನಾನು ಹೊಟ್ಟೆಬಾಕಿ ಎಂದು ಬೈದು, ದಿನಕ್ಕೆ ಎರಡು ಸಲ ತೇಯು ಎಂದು ಬರೆದೆ.

ಅಂಗಡಿಗೆ ಓಡಿ ಫೋನು ಹಚ್ಚಿಸಿದೆ. "ಸ್ವಿಚ್ ಆಫ್ ಅಂತೆ ಜಜ್ಜಾ. ಏನ್ ವಿಷ್ಯ, ನಂಗ್ ಹೇಳಿ, ಆಮೇಲೆ ನಾನೇ ಹೇಳ್ತೀನಿ" ಎಂದಳು ಅಂಗಡಿಯವಳು, ಕಿವಿಯನ್ನು ಬಾಗಿಲಿನಷ್ಟು ತೆರೆದುಕೊಂಡು. "ಬಾಳೆಗೊನೆ ಹಣ್ಣಾಯ್ತಾ ಕೇಳ್ಬೇಕಿತ್ತು" ಎಂದು ಬಂದೆ.

ಕಡ್ಡಿ ಬಿಡು. ಕಡ್ಡಿ ಬಿಡು. ಕಡ್ಡಿ ಬಿಡು.

ಟ್ಯಾಕ್ಸಿಯಿಂದ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿದ್ದರೆ ತಪ್ಪು ರಸ್ತೆಯದು. ಮೊದಲು ಕಾಗದ ಟ್ಯಾಕ್ಸಿಯವನ ಕೈಗೆ ಕೊಟ್ಟೆ. ಅವನು ಅದನ್ನು ಗಾಜಿನ ಮುಂದೆ ಸಿಕ್ಕಿಸಿ, "ಸಂಜೆ ಒಳ್ಗೆ ಮುಟ್ಟಿಸ್ತೀನಿ, ದಾರೀಲಿ ಎರಡು ಕಡೆ ಕೆಲ್ಸ ಇದೆ" ಎಂದ. ಗಾಡಿ ಹೊರಟಿತು. ನಾನು ಕೋಲು ಎತ್ತಿ ಅಡ್ಡ ನಿಂತೆ. "ಎಲ್ಲಿಗೆ ಜಜ್ಜಾ, ಒಂಬತ್ತು ವರ್ಷದಿಂದ ಊರು ಬಿಟ್ಟೋರಲ್ಲ ನೀವು?" ಎಂದ. "ನಿನ್ನ ಎರಡು ಕಡೆ ಕೆಲ್ಸಕ್ಕೆ ಬೆಂಕಿ ಬೀಳ್ಲಿ, ನೆಟ್ಟಗೆ ನತೇತೆಗೆ ಬಿಡು" ಎಂದು ಹತ್ತಿ, ಕಾಗದ ವಾಪಸು ಕಿತ್ತುಕೊಂಡೆ. ಕೈಯಲ್ಲಿ ಇನ್ನೂ ಮಣ್ಣಿದೆ. ತೊಳೆಯಲು ಮರೆತೆ.


ಕಿತ್ತೆಂಗ
೧ ಜೂನ್ ೨೦೧೪

ನನ್ನ ನಸ್ಸೂನ,

ಮನೆ ಮುಟ್ಟಿದೆ. ಕೋಳಿಗಳು ಬದುಕಿವೆ. ಊರಿನವರು ಕಂಪಾಲದಲ್ಲಿ ಏನು ನೋಡಿದೆ ಎಂದು ಕೇಳುತ್ತಾರೆ. ಹಲ್ಲು ಕೀಳಿಸಲು ಹೋಗಿದ್ದೆ ಎಂದಿದ್ದೇನೆ. ಇದ್ದದ್ದೇ ಎರಡು ಹಲ್ಲು, ಆದರೂ ನಂಬಿದರು.

ಅವತ್ತು ನಾನು ಕರೆದೊಯ್ದ ಆಸ್ಪತ್ರೆಯಲ್ಲಿ ನೀನು ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿಬಿಟ್ಟೆ. ಎರಡು ಸಲ ಕಳೆದುಕೊಂಡವಳು ಮೂರನೆಯದನ್ನು ನೋಡಲಾರೆ ಎಂದೆ. ನಾನೂ ಬಲವಂತ ಮಾಡಲಿಲ್ಲ. ಆದರೆ ನೋಡಿದವಳು ನಾನೊಬ್ಬಳೇ ಆಗಿ ಉಳಿಯಬಾರದು. ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿದವಳ ಅಕ್ಷರಕ್ಕೆ ಎಷ್ಟು ದಕ್ಕುತ್ತದೋ ಅಷ್ಟು.

ಡಾಕ್ಟರಮ್ಮ ನಿನ್ನ ಬಟ್ಟೆಯ ಮೇಲಿನ ರಕ್ತದ ಕಲೆ ನೋಡಿ, "ಏನಾದ್ರೂ ಕುಡೀತಿದ್ರಾ?" ಎಂದಳು. ನೀನು ಗೋಡೆಗೇ "ಇಲ್ಲ" ಎಂದೆ. ನನ್ನನ್ನು ಕಾಪಾಡಲು ಸುಳ್ಳು ಹೇಳಿದೆ. ಆ 'ಇಲ್ಲ' ನನ್ನ ಎದೆಗೆ ಒನಕೆಯ ಹಾಗೆ ಬಿತ್ತು. ನಡುಪಟ್ಟಿಯಿಂದ ಕಡ್ಡಿ ತೆಗೆದು ಅವಳ ಮೇಜಿನ ಮೇಲಿಟ್ಟೆ. ನಿನ್ನ ಬಾಟಲಿಯನ್ನೂ ಪಕ್ಕಕ್ಕಿಟ್ಟೆ. ಅರ್ಧ ಖಾಲಿಯಾಗಿತ್ತು ಅದು, ಕಳ್ಳಿ.

ಬೈಯುತ್ತಾಳೆ ಎಂದು ಕಾದೆ. ಕಡ್ಡಿ ಎತ್ತಿ ಮೂಸಿದಳು.

"ಇದ್ರಲ್ಲಿ ಏನೇನಿದೆ ಜಜ್ಜಾ?"

"ಏಳು ಗಿಡ."

"ಎಷ್ಟೆಷ್ಟು?"

"ಕೈಗೆ ಬಂದಷ್ಟು."

ಹೇಳುವಾಗಲೇ ನನಗೆ ಕೇಳಿಸಿತು, ಎಂಥ ಉತ್ತರ ಅದು ಎಂದು. ಅವಳು ನಗಲಿಲ್ಲ. "ನಮ್ಮ ಜಜ್ಜಾನೂ ತೇದು ಕೊಡ್ತಿದ್ರು. ಈ ವಾಸನೆ ಬಂದ್ರೆ ನಂಗೀಗ್ಲೂ ಅವರ ಅಡುಗೆಮನೆ ಕಣ್ಮುಂದೆ ಬರುತ್ತೆ. ಆದ್ರೆ ನೋಡಿ, ಒಳಗೆ ಎಷ್ಟು ಹೋಗಿದೆ ಅಂತ ನಿಮಗೂ ಗೊತ್ತಿಲ್ಲ, ಈ ಬಾಟ್ಲಿ ಮಾರೋರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಮೂರು ಜನಕ್ಕೂ ಗೊತ್ತಿಲ್ದೇ ಇರೋದನ್ನ ಇವ್ರಿಗೆ ಕೊಡೋದು ಬೇಡ. ಎರಡೂ ನಿಲ್ಲಿಸಿ" ಎಂದಳು. ನಿನಗಿಂತಲೂ ಎಷ್ಟೋ ಚಿಕ್ಕ ಹುಡುಗಿ. 'ನಂಗೂ ಗೊತ್ತಿಲ್ಲ' ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ನನಗೆ ಅದನ್ನು ಹೇಳಲು ಎಂಬತ್ತಮೂರು ವರ್ಷ ಸಾಲದಾಯಿತು.

ಆಮೇಲೆ ಹೊಟ್ಟೆಯೊಳಗನ್ನು ತೋರಿಸುವ ಪೆಟ್ಟಿಗೆಯ ಗಾಜು ಬೆಳಗಿತು. ನಸ್ಸೂನ, ಮೊದಲು ಬರೀ ಬೂದಿ ಕಂಡಿತು. ಬೆಳಗಿನ ಒಲೆಯ ಬೂದಿಯ ಹಾಗೆ. ನಡುವೆ ಒಂದು ಕಪ್ಪು ಗುಳಿ. "ಎಲ್ಲಾ ಆರಿಹೋಯ್ತು, ನಾನೇ ನೀರು ಹೊಯ್ದೆ" ಎಂದುಕೊಂಡೆ. ಡಾಕ್ಟರಮ್ಮ ಕೈ ಸ್ವಲ್ಪ ಓರೆ ಮಾಡಿದಳು. ಬೂದಿ ಕೆದಕಿದಾಗ ಅಡಿಯಲ್ಲಿ ಒಂದು ಕೆಂಡದ ಚೂರು ಇನ್ನೂ ಮಿಣುಕುತ್ತಿರುತ್ತದಲ್ಲ, ನಾನು ಜೀವಮಾನವಿಡೀ ದಿನಾ ಬೆಳಗ್ಗೆ ಹುಡುಕುವುದು ಅದನ್ನೇ, ಅದು ಅಲ್ಲಿತ್ತು. ಅವರೆಕಾಳಿನಷ್ಟು. ಅದರೊಳಗೆ ಏನೋ ಮಿಣಮಿಣ ಎನ್ನುತ್ತಿತ್ತು. ನಿಲ್ಲುತ್ತಿರಲಿಲ್ಲ. ನಾನು ಅಲ್ಲಿದ್ದೇನೆಂದು ಅದಕ್ಕೆ ಗೊತ್ತಿರಲಿಲ್ಲ, ನಾನು ಮಾಡಿದ್ದೂ ಗೊತ್ತಿರಲಿಲ್ಲ. ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

"ಇದು ಎದೆ ಬಡಿತ. ಕೇಳ್ಸುತ್ತಾ ಜಜ್ಜಾ?" ಎಂದು ಸದ್ದು ಜಾಸ್ತಿ ಮಾಡಿದಳು. ನನ್ನ ಕಿವಿಗೆ ಏನೂ ಇಲ್ಲ. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಆಗ ಬಂತು. ಪಕ್ಕದ ಮನೆಯಲ್ಲಿ ಯಾರೋ ಅವಸರ ಅವಸರವಾಗಿ ಕಡಲೆಕಾಯಿ ಬೀಜ ಕುಟ್ಟುತ್ತಿದ್ದರೆ ಗೋಡೆ ನಡುಗುತ್ತದಲ್ಲ, ಹಾಗೆ. ಈ ಕೈಯಲ್ಲಿ ಎಷ್ಟು ಮಕ್ಕಳನ್ನು ಹಿಡಿದಿಲ್ಲ ನಾನು! ಎಲ್ಲವೂ ಹೊರಗೆ ಬಂದ ಮೇಲೆ, ಅತ್ತ ಮೇಲೆ ಹಿಡಿದವು. ಅವರೆಕಾಳಿನಷ್ಟಿರುವಾಗಲೇ ಅದರ ಬಾಗಿಲಿಗೆ ಹೋಗಿ ಕೈಯಿಟ್ಟದ್ದು ಇದೇ ಮೊದಲು. ಆಸ್ಪತ್ರೆಯ ನೆಲಕ್ಕೆ ಮಂಡಿಯೂರಿದೆ.

ಡಾಕ್ಟರಮ್ಮ ಗಾಬರಿಯಾಗಿ, "ಏಳಿ ಜಜ್ಜಾ, ನೀವು ಹಿರಿಯರು, ನಂಗೆ ಮಂಡಿಯೂರ್ಬಾರ್ದು" ಎಂದಳು.

"ನಿಂಗಲ್ಲ ಕಣೇ ಹುಡುಗಿ" ಎಂದೆ.

ಇಷ್ಟನ್ನು ನೀನು ನೋಡಲಿಲ್ಲ. ಈಗ ನೋಡಿದೆ. ಹಾಸಿಗೆ ಬಿಟ್ಟು ಏಳಬೇಡ. ಮುಕೀಬಿಗೆ ಅಡುಗೆ ಬರುವುದಿಲ್ಲ ಎಂದು ನೀನೇ ಏಳಬೇಡ, ಸುಟ್ಟದ್ದನ್ನೇ ತಿನ್ನು.

ನಿನ್ನ ಜಜ್ಜಾ


ನತೇತೆ
೧೪ ಜುಲೈ ೨೦೧೪

ನನ್ನ ಜಜ್ಜಾ,

ಮಲಗಿಕೊಂಡೇ ಬರೆಯುತ್ತಿದ್ದೇನೆ. ಕಲೆ ನಿಂತು ಆರು ವಾರವಾಯಿತು. ನಿಮ್ಮ ಕಾಗದವನ್ನು ದಿನಕ್ಕೊಂದು ಸಲ ಓದುತ್ತೇನೆ, ಗಟ್ಟಿಯಾಗಿ. ಮುಕೀಬಿ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಾರೆ. ಕೆಂಡದ ಮಾತು ಬಂದಾಗ ಮೂಗು ಎಳೆದುಕೊಳ್ಳುವ ಸದ್ದು ಬರುತ್ತದೆ. ಅವರಿಗೆ ಬೈಯಬೇಡಿ.

ನಾನು ಬಚ್ಚಿಟ್ಟದ್ದನ್ನೂ ಹೇಳಿಬಿಡುತ್ತೇನೆ. ಆಸ್ಪತ್ರೆಗೆ ಹೋಗಿಲ್ಲ ಎಂದಿದ್ದೆ. ಜನವರಿಯಲ್ಲೇ ಹೋಗಿದ್ದೆ. ಈ ವಯಸ್ಸಿಗೆ ಮಗು ನಿಲ್ಲುವ ಸಾಧ್ಯತೆ ನೂರರಲ್ಲಿ ಒಂದೆರಡು ಪಾಲು ಇರಬಹುದು ಅಷ್ಟೇ ಎಂದರು. ನಿಮಗೆ ಹೇಳಿದರೆ ನೀವೂ ಹೌದೆಂದು ಒಪ್ಪಿಬಿಡುತ್ತೀರೋ ಎಂದು ಹೆದರಿದೆ. ನೀವು ಒಪ್ಪಿದರೆ ಮುಗಿದೇಹೋಯಿತು ಎನ್ನಿಸಿತು. ಅದಕ್ಕೇ ಕಡ್ಡಿಯನ್ನೂ ಬಿಡಲಿಲ್ಲ, ಬಾಟಲಿಯನ್ನೂ ಬಿಡಲಿಲ್ಲ. ಯಾವುದನ್ನು ಬಿಟ್ಟರೆ ಯಾವ ಬಾಗಿಲು ಮುಚ್ಚುತ್ತದೋ ಯಾರಿಗೆ ಗೊತ್ತು?

ಏಪ್ರಿಲ್ ಕೊನೆಗೆ ಔಷಧದಂಗಡಿಯ ಪರೀಕ್ಷೆಯಲ್ಲಿ ಎರಡು ಗೆರೆ ಬಂತು. ಕಕ್ಕಸಿನಲ್ಲಿ ಕೂತು ಒಂದು ಗಂಟೆ ಅದನ್ನೇ ನೋಡಿದೆ. ನಿಮ್ಮ ಹತ್ತಿರ ಓಡಿಬಂದು ಮಂಡಿಯೂರಬೇಕೆನ್ನಿಸಿತು. ಹೇಳಬೇಡ ಎಂದಿದ್ದಿರಿ. ಹೇಳಲಿಲ್ಲ. ನಿಮ್ಮ ಕಡ್ಡಿ ಅದನ್ನು ಕಾಯುತ್ತದೆ ಎಂದುಕೊಂಡೇ ಇನ್ನಷ್ಟು ಕಳಿಸಿ ಎಂದು ಬರೆದೆ.

ಒಂದೇ ಮಾತು ಕೇಳುತ್ತೇನೆ. ನಿಂತದ್ದು ನಿಮ್ಮ ಕಡ್ಡಿಯಿಂದಲೇ ಅಲ್ಲವೇ? ಕೆಜಿಯಾ ಅತ್ತೆಯ ಹಾಗೆ?

ನಸ್ಸೂನ


ಕಿತ್ತೆಂಗ
೨೫ ಆಗಸ್ಟ್ ೨೦೧೪

ಸವತಿಯೇ,

ಆರು ವಾರ. ಆರು ವಾರದಿಂದ ಒಂದಕ್ಷರ ಇಲ್ಲ. ಪ್ರತಿ ಗುರುವಾರ ಕೋಲೂರಿಕೊಂಡು ರಸ್ತೆಗೆ ಹೋಗಿ ನಿಲ್ಲುತ್ತೇನೆ. ಟ್ಯಾಕ್ಸಿಯವನು ದೂರದಿಂದಲೇ ಕೈಯಾಡಿಸಿ "ಏನೂ ಇಲ್ಲ ಜಜ್ಜಾ" ಎನ್ನುತ್ತಾನೆ. ನಿನ್ನ ಮೌನ ಒಳ್ಳೆಯದೋ ಕೆಟ್ಟದ್ದೋ ಓದಲು ನನಗೆ ಬರುವುದಿಲ್ಲ. ಆ ವಿದ್ಯೆ ನನಗಿಲ್ಲ ಎಂದು ಒಮ್ಮೆ ಗೊತ್ತಾಗಿದೆ, ಅದಕ್ಕೆ ತೆತ್ತದ್ದು ಸಾಕು.

ಮೊದಲು ನೀನು ಕೇಳಿದ ಮಾತಿಗೆ ಉತ್ತರ. ಇದನ್ನು ಬರೆಯಲಾರದೆ ನಾನೂ ಆರು ವಾರ ಕೂತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಕೆಜಿಯಾಳನ್ನು ಹೊತ್ತಾಗ ನಾನು ಏನನ್ನೂ ಕುಡಿದಿರಲಿಲ್ಲ. ಮುಟ್ಟು ನಿಂತಿತು, ವಯಸ್ಸಾಯಿತು ಎಂದುಕೊಂಡು ಅಟ್ಟದ ಕಡ್ಡಿಯನ್ನೆಲ್ಲ ಬೇರೆಯವರಿಗೆ ಕೊಟ್ಟುಬಿಟ್ಟಿದ್ದೆ. ಐದು ತಿಂಗಳಿಗೆ ಒಂದು ದಿನ ಬಾಳೆಯ ಬುಡ ಅಗೆಯುತ್ತಿರುವಾಗ ಒಳಗಿನಿಂದ ಯಾರೋ ತಟ್ಟಿದ ಹಾಗಾಯಿತು. ಗುದ್ದಲಿ ಅಲ್ಲೇ ಬಿಟ್ಟು ಕೂತೆ. ಊರವರು ಬಂದು "ನಿಮ್ಮ ಕಡ್ಡೀನೇ ಅಲ್ವಾ ಜಜ್ಜಾ?" ಎಂದರು. ನಾನು ಅಲ್ಲ ಎನ್ನಲಿಲ್ಲ. ಅಷ್ಟೇ ನಾನು ಹೇಳಿದ ಸುಳ್ಳು. ಅದನ್ನು ಮೂವತ್ತೆಂಟು ವರ್ಷ ತೇಯ್ದು ತೇಯ್ದು ಎಲ್ಲರಿಗೂ ಕುಡಿಸಿದೆ.

ನಿನ್ನದು ಕಡ್ಡಿಯಿಂದ ನಿಂತಿತೋ, ಬಾಟಲಿಯಿಂದಲೋ, ಎರಡನ್ನೂ ದಾಟಿಕೊಂಡು ತಾನಾಗಿ ಬಂತೋ? ನಂಗೂ ಗೊತ್ತಿಲ್ಲ. ಡಾಕ್ಟರಮ್ಮನ ಹಾಗೆ ಹೇಳಿ ನೋಡಿದೆ, ನಾಲಿಗೆ ಬಿದ್ದುಹೋಗಲಿಲ್ಲ. ಗೊತ್ತಿಲ್ಲ ಎಂದ ಮೇಲೆ ಅದು ನನ್ನ ಕಣ್ಣಿಗೆ ಇನ್ನೂ ದೊಡ್ಡದಾಗಿ ಕಾಣುತ್ತಿದೆ. ನನ್ನ ಕಡ್ಡಿಯಿಂದ ಆದದ್ದಾದರೆ ಅದು ನನ್ನ ಕೈಕೆಲಸ, ನನ್ನಷ್ಟೇ ಎತ್ತರದ್ದು. ಇದು ಹಾಗಲ್ಲ.

ಈಗ ಬರುವ ಹೆಂಗಸರನ್ನು ಬಾಯಿಬಿಟ್ಟೇ ಕೇಳುತ್ತೇನೆ. "ನಿಂತಿದ್ಯೇನೇ? ಬೇರೆ ಏನಾದ್ರೂ ನುಂಗ್ತಿದ್ದೀಯಾ?" ಎನ್ನುತ್ತೇನೆ. ಹೌಹಾರಿ ಬೀಳುತ್ತಾರೆ. ಕೆಳಗಿನ ಮನೆಯ ಸೊಸೆಯ ಕೈಯಿಂದ ಕಡ್ಡಿ ಕಿತ್ತುಕೊಂಡು ಅವಳನ್ನು ಲುಕಾಯಾ ಆಸ್ಪತ್ರೆಗೆ ಓಡಿಸಿದೆ. ಮುದುಕಿಗೆ ಅರಳುಮರಳು ಎಂದು ಅಂಗಡಿಯವಳು ಸಾರುತ್ತಿದ್ದಾಳೆ. ಸಾರಲಿ.

ಮೊನ್ನೆ ಗುರುವಾರ ಟ್ಯಾಕ್ಸಿಯವನು ಕೈಯಾಡಿಸಲಿಲ್ಲ. ಇಳಿದು ಬಂದು ಲಕೋಟೆ ಕೊಟ್ಟ. ಬಿಚ್ಚಿದರೆ ಕಾಗದ ಇಲ್ಲ. ಹಿಂದೆ ಮುಂದೆ ತಿರುಗಿಸಿದೆ, ಒಂದಕ್ಷರ ಇಲ್ಲ. ಪೆಟ್ಟಿಗೆಯ ಗಾಜಿನ ಚಿತ್ರ ಮಾತ್ರ. ನಾನು ಹೇಳಬೇಡ ಎಂದದ್ದನ್ನು ಇನ್ನೂ ಪಾಲಿಸುತ್ತಿದ್ದೀಯಲ್ಲ, ಮೊಂಡಿ!

ಬಾಗಿಲು ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಅವತ್ತಿನ ಅವರೆಕಾಳಿಗೆ ಮೂಗು ಬಂದಿದೆ. ಹಣೆ ನಿನ್ನ ತಾತನದು, ಪಾಪ, ಹೆಣ್ಣಾಗಿದ್ದರೆ ಕಷ್ಟ. ಒಂದು ಕೈ ಮೇಲೆತ್ತಿದೆ. ಬೆರಳು ಎಣಿಸಿದೆ. ಐದು. ಎರಡನೇ ಸಲವೂ ಎಣಿಸಿದೆ. ಹೆಬ್ಬೆರಳು ಒಂದು ಮಾತ್ರ ಬೇರೆಯಾಗಿ ನಿಂತಿದೆ, ಹಸಿ ಮಣ್ಣಿನ ಮೇಲೆ ಗೆರೆ ಎಳೆಯಲು ಹೊರಟ ಹಾಗೆ. ಒಲೆ ಹಚ್ಚುವುದು ಮರೆತುಹೋಯಿತು.

ಹೊಟ್ಟೆಯ ಹತ್ತಿರ ಗಟ್ಟಿಯಾಗಿ ಓದುತ್ತೀಯಂತಲ್ಲ, ಹಾಗಿದ್ದರೆ ಒಳಗೆ ಕೂತು ಕೇಳುತ್ತಿರುವ ನಿನಗೂ ಒಂದು ಮಾತು ಮರಿಯೇ. ದೊಡ್ಡವರ ಕಾಗದ ಕದ್ದು ಕೇಳುವುದು ಒಳ್ಳೆಯ ಅಭ್ಯಾಸವಲ್ಲ. ಆ ಕೈ ಎತ್ತಿದ್ದು ನನಗೆ ನಮಸ್ಕಾರಕ್ಕೋ, 'ಸಾಕು ನಿಲ್ಸು ಮುದುಕಿ' ಎನ್ನುವುದಕ್ಕೋ? ಯಾವುದಾದರೂ ಸರಿ, ಎತ್ತಿದೆಯಲ್ಲ. ಅಷ್ಟು ದೊಡ್ಡ ಬಾಗಿಲನ್ನು ನಾನು ದಿನಕ್ಕೆರಡು ಸಲ ತೆರೆದಿಟ್ಟರೂ ನೀನು ಹೊರಟುಹೋಗಲಿಲ್ಲ. ಬಂದಮೇಲೆ ನಿನ್ನೆದುರು ಇನ್ನೊಂದು ಸಲ ಮಂಡಿಯೂರುತ್ತೇನೆ, ಏಳಿಸುವ ಕೆಲಸ ನಿಮ್ಮಮ್ಮನದು.

ನಸ್ಸೂನ, ಆ ಕಟ್ಟಳೆ ಮಾಡಿದವಳು ನಾನು, ಮುರಿಯುವವಳೂ ನಾನೇ. ಇನ್ನು ಚಿತ್ರ ಕಳಿಸಿ ತಪ್ಪಿಸಿಕೊಳ್ಳುವಂತಿಲ್ಲ. ಒದೆಯುತ್ತದೆಯೇ, ಯಾವ ಪಕ್ಕ, ದಿನಕ್ಕೆ ಎಷ್ಟು ಸಲ? ಕಾಲು ಊದಿದೆಯೇ? ಹೆದರಿಕೆಯಾಗುತ್ತದೆಯೇ, ಎಷ್ಟು ಹೆದರಿಕೆ? ಕಲೆ ಕಂಡರೆ ಕಲೆ ಕಂಡಿತು ಎಂದು ಬರೆ. ಸಂತೋಷವಾದರೆ ಸಂತೋಷ ಎಂದೇ ಬರೆ, ಕೆಟ್ಟ ಕಣ್ಣಿನವರು ಬಂದರೆ ನನ್ನ ಕೋಲು ಇನ್ನೂ ಗಟ್ಟಿಯಿದೆ. ಮುಕೀಬಿ ಬಾಗಿಲ ಹೊರಗೆ ನಿಲ್ಲದೆ ಒಳಗೆ ಬಂದು ಕೂರಲಿ, ಅವನೂ ನಾಲ್ಕು ಸಾಲು ಬರೆಯಲಿ.

ಟ್ಯಾಕ್ಸಿಯವನು ಶನಿವಾರ ಇದನ್ನು ನಿನ್ನ ಕೈಗೆ ಮುಟ್ಟಿಸುತ್ತಾನೆ. ಸೆಪ್ಟೆಂಬರಿನ ಮೊದಲ ಗುರುವಾರ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು. ಎಲ್ಲವನ್ನೂ ಬರೆ.